ಗೋಲಿನ ವಾರಸುದಾರರು: ಗೋವಾ ಫುಟ್‌ಬಾಲಿನ ಫಾರ್ವರ್ಡ್ ಪರಂಪರೆ

ಗೋವಾ ಕಂಡ ಅತಿಶ್ರೇಷ್ಠ ಫಾರ್ವರ್ಡ್ ಯಾರು ಎಂಬ ಚರ್ಚೆ ಎಷ್ಟು ಹಬ್ಬಿದರೂ ಕೊನೆಗೆ ನಾಲ್ಕು ಹೆಸರುಗಳ ಬಳಿಗೇ ಬರುತ್ತದೆ. ಒಲಿಂಪಿಕ್ಸ್‌ನಲ್ಲಿ ಹ್ಯಾಟ್ರಿಕ್ ಹೊಡೆದ ನೆವಿಲ್ ಡಿಸೋಜಾ, ಸಾಲ್ಗಾಂವಕರ್ ಕ್ಲಬ್ಬಿನ ಬ್ರೂನೊ ಕುಟಿನ್ಹೊ, ಡೆಂಪೊ ಪರ ಗೋಲುಗಳ ರಾಶಿ ಹಾಕಿದ ನೈಜೀರಿಯಾದ ರ‍್ಯಾಂಟಿ ಮಾರ್ಟಿನ್ಸ್, ಚರ್ಚಿಲ್ ಬ್ರದರ್ಸ್‌ನ ಒಡಾಫಾ ಒಕೋಲಿ. ಇವರಲ್ಲಿ ಮೊದಲನೆಯವರು ಗೋವಾದ ಯಾವ ದೊಡ್ಡ ಕ್ಲಬ್ಬಿನಿಂದಲೂ ಬೆಳೆದವರಲ್ಲ. ಕೊನೆಯ ಇಬ್ಬರು ಗೋವಾದಲ್ಲಿ ಹುಟ್ಟಿದವರಲ್ಲ. ಹಾಗಾಗಿ ಆಟಗಾರರನ್ನು ತೂಗುವ ಮೊದಲು ಅವರು ನಿಂತ ಅಂಗಳ ಹೇಗೆ ಸಿದ್ಧವಾಯಿತು, ಅದಕ್ಕೆ ಹಣ ಎಲ್ಲಿಂದ ಬಂತು, ಅದು ಯಾವಾಗ ಕುಸಿಯಿತು ಎಂಬುದನ್ನು ನೋಡಬೇಕಾಗುತ್ತದೆ. ಆ ಕಥೆ ಇಲ್ಲದೆ ಬರೀ ಗೋಲುಗಳ ಲೆಕ್ಕ ಏನನ್ನೂ ಹೇಳುವುದಿಲ್ಲ.

ಗೋವಾಕ್ಕೆ ಫುಟ್‌ಬಾಲ್ ಬಂದ ವರ್ಷವೆಂದು ಸಾಮಾನ್ಯವಾಗಿ 1883 ಅನ್ನು ಹೆಸರಿಸುತ್ತಾರೆ. ಬ್ರಿಟಿಷ್ ಪಾದ್ರಿ ವಿಲಿಯಂ ರಾಬರ್ಟ್ ಲಯನ್ಸ್ ಬಾರ್ದೇಸ್ ತಾಲೂಕಿನ ಶಿವೋಲಿಯಲ್ಲಿ ಶಾಲಾ ಹುಡುಗರಿಗೆ ಪಾಠದ ಜೊತೆಗೆ ಈ ಆಟವನ್ನೂ ಕಲಿಸಿದರು. ಆ ಶಾಲೆ ಮುಂದೆ ಹತ್ತಿರದ ಹಡಫಡೆಗೆ ಹೋಯಿತು, ಆಟವೂ ಅದರ ಹಿಂದೆಯೇ ಹೋಯಿತು. ಒಬ್ಬ ಪಾದ್ರಿಯ ಹೆಸರಿಗೆ ಇಡೀ ನಾಡಿನ ಆಟವನ್ನು ಬರೆದುಬಿಡುವುದು ಎಷ್ಟು ಸರಿ ಎಂಬ ಪ್ರಶ್ನೆ ಇದ್ದೇ ಇದೆ. ಗೋವಾದ ಹುಡುಗರು ಆ ಕಾಲದಲ್ಲಿ ಇಂಗ್ಲಿಷ್ ಶಿಕ್ಷಣಕ್ಕಾಗಿ ಗಡಿ ದಾಟಿ ಬ್ರಿಟಿಷ್ ಆಳ್ವಿಕೆಯ ಊರುಗಳಿಗೆ ಹೋಗುತ್ತಿದ್ದರು. ಬೆಳಗಾವಿಯ ಸೇಂಟ್ ಪಾಲ್ಸ್ ಹೈಸ್ಕೂಲು, ಮುಂಬೈ ಮತ್ತು ಪುಣೆಯ ಮಿಷನರಿ ಶಾಲೆಗಳು ಅವರ ನೆಲೆಯಾಗಿದ್ದವು. ರಜೆಗೆ ಊರಿಗೆ ಮರಳುವಾಗ ಅವರ ಜೊತೆ ಚೆಂಡೂ ಬಂದಿರಬೇಕು. ಕ್ಯಾಸಲ್‌ರಾಕ್ ಘಾಟಿಯಿಂದ ಮುರಗಾಂವ್ ಬಂದರಿಗೆ ರೈಲು ಹಾದಿ ಹಾಕಿದ್ದೂ ಅದೇ 1880ರ ದಶಕದಲ್ಲಿ, ಅದನ್ನು ಹಾಕಿದ್ದು ಬ್ರಿಟಿಷ್ ಕಂಪನಿ, ಆಟ ಬಂದ ಇನ್ನೊಂದು ದಾರಿ ಅದೂ ಆಗಿರಬಹುದು. ಗೋವಾದ ಫುಟ್‌ಬಾಲ್ ಇತಿಹಾಸವನ್ನು ಅಧ್ಯಯನ ಮಾಡಿದ ಜೇಮ್ಸ್ ಮಿಲ್ಸ್ ಈ ಆಟವನ್ನು ಬೇರೂರಿಸಿದ್ದರಲ್ಲಿ ಕ್ಯಾಥೊಲಿಕ್ ಚರ್ಚು ಮತ್ತು ಅದರ ಶಾಲೆಗಳ ಪಾತ್ರ ದೊಡ್ಡದು ಎನ್ನುತ್ತಾರೆ. ಪೋರ್ಚುಗೀಸ್ ಆಳ್ವಿಕೆಯ ನೆಲದಲ್ಲಿ ಇಂಗ್ಲಿಷರ ಆಟ ಮನೆಮಾತಾದದ್ದಕ್ಕೆ ಇದಕ್ಕಿಂತ ಒಪ್ಪುವ ವಿವರಣೆ ಸಿಗುವುದು ಕಷ್ಟ.

ಚರ್ಚು ಶಾಲೆಯ ಅಂಗಳದಿಂದ ಆಟ ಹಳ್ಳಿಯ ಗದ್ದೆಗೆ ಇಳಿಯಿತು. ಮಳೆಗಾಲದ ಭತ್ತದ ಕೊಯ್ಲು ಮುಗಿದು ಗದ್ದೆ ಒಣಗಿ ಗಟ್ಟಿಯಾದ ಕೂಡಲೇ ಅದೇ ಮೈದಾನ. ಕೊಯ್ದ ಭತ್ತದ ಕೂಳೆ ಅಂಗಾಲಿಗೆ ಚುಚ್ಚುತ್ತಿದ್ದ ನೆಲದಲ್ಲಿ ಬರಿಗಾಲಲ್ಲಿ ಆಟ, ಬದುವಿನ ಮೇಲೆ ನಿಂತ ಊರು, ಪಕ್ಕದ ಕೇರಿಯ ತಂಡದ ಮೇಲೆ ಹಗೆ. ಸಾಷ್ಟಿ ಮತ್ತು ಬಾರ್ದೇಸ್ ತಾಲೂಕುಗಳಲ್ಲಿ ಊರೂರ ನಡುವಿನ ಟೂರ್ನಿಗಳು ಈ ಗದ್ದೆಗಳಲ್ಲೇ ಬೆಳೆದವು. ಉಬ್ಬುತಗ್ಗಿನ ನೆಲದಲ್ಲಿ ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ಓಡುವ, ಚಿಕ್ಕ ಜಾಗದಲ್ಲಿ ಎದುರಾಳಿಯನ್ನು ತಪ್ಪಿಸುವ ಚಳಕ ಗೋವಾದ ಫಾರ್ವರ್ಡ್‌ಗಳ ಗುರುತಾಯಿತು. ದೇಹಬಲದಲ್ಲಿ ಪಂಜಾಬಿನವರಿಗೆ ಅವರು ಸಾಟಿಯಾಗಿರಲಿಲ್ಲ. ಕಾಲಿನ ಚುರುಕೇ ಅವರ ಬಂಡವಾಳ.

ಆದರೆ ಆ ಚಳಕಕ್ಕೆ ಬೆಲೆ ಸಿಕ್ಕಿದ್ದು ಗೋವಾದ ಹೊರಗೆ. ಕೆಲಸ ಹುಡುಕಿ ಮುಂಬೈಗೆ ಹೋದ ಗೋವಾದವರು ಊರಿನ ಹೆಸರಿನ ಕೂಡ್ ಎಂಬ ವಸತಿಗಳಲ್ಲಿ ಉಳಿದು, ರೈಲ್ವೆ, ಬಂದರು, ಟಾಟಾ ಮುಂತಾದ ಸಂಸ್ಥೆಗಳ ತಂಡಗಳಲ್ಲಿ ಆಡಿದರು. ಬಾರ್ದೇಸಿನ ಅಸಗಾಂವ್ ಮೂಲದ ನೆವಿಲ್ ಡಿಸೋಜಾ ಅಂಥವರಲ್ಲೊಬ್ಬರು. 1932ರಲ್ಲಿ ಹುಟ್ಟಿದ ಅವರು ಮುಂಬೈಯ ಟಾಟಾ ತಂಡದಲ್ಲಿ ಹೆಸರು ಮಾಡಿ ಭಾರತ ತಂಡಕ್ಕೆ ಏರಿದರು.

1956ರ ಡಿಸೆಂಬರ್ 1. ಮೆಲ್ಬರ್ನ್ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಭಾರತಕ್ಕೆ ಎದುರಾಳಿ ಆತಿಥೇಯ ಆಸ್ಟ್ರೇಲಿಯಾ. ಸೈಯದ್ ಅಬ್ದುಲ್ ರಹೀಂ ತರಬೇತಿಯ ಆ ಭಾರತ ತಂಡದಲ್ಲಿ ಪಿ.ಕೆ. ಬ್ಯಾನರ್ಜಿ, ತುಳಸೀದಾಸ್ ಬಲರಾಂ, ಕೃಷ್ಣಸ್ವಾಮಿ ಕಿಟ್ಟು ಇದ್ದರು. ಕನ್ನಡ ನಾಡಿನ ಕೆಂಪಯ್ಯ ಕೂಡ ತಂಡದ ಸದಸ್ಯರು. ಒಂಬತ್ತನೇ ನಿಮಿಷದಲ್ಲಿ ನೆವಿಲ್ ಮೊದಲ ಗೋಲು ಹೊಡೆದರು. ಆಸ್ಟ್ರೇಲಿಯಾದ ಬ್ರೂಸ್ ಮಾರೋ ಸಮ ಮಾಡಿದರು. ನೆವಿಲ್ ಮತ್ತೆ ಮುನ್ನಡೆ ತಂದರು, ವಿರಾಮಕ್ಕೆ ಮೊದಲೇ ಮಾರೋ ಮತ್ತೆ ಸಮ ಮಾಡಿದರು. ವಿರಾಮ ಮುಗಿದು ಐದು ನಿಮಿಷಕ್ಕೆ ನೆವಿಲ್ ಅವರ ಮೂರನೇ ಗೋಲು. ಕೊನೆಯಲ್ಲಿ ಕಿಟ್ಟು ಒಂದು ಸೇರಿಸಿ 4-2 ಆಯಿತು. ಒಲಿಂಪಿಕ್ ಫುಟ್‌ಬಾಲಿನಲ್ಲಿ ಹ್ಯಾಟ್ರಿಕ್ ಹೊಡೆದ ಮೊದಲ ಏಷ್ಯನ್ ಎಂಬ ಹೆಗ್ಗಳಿಕೆ ಆ ದಿನ ನೆವಿಲ್ ಅವರದ್ದಾಯಿತು. ಸೆಮಿಫೈನಲ್‌ನಲ್ಲಿ ಯುಗೊಸ್ಲಾವಿಯಾ ವಿರುದ್ಧ ಭಾರತಕ್ಕೆ ಮುನ್ನಡೆ ಕೊಟ್ಟದ್ದೂ ಅವರೇ, ಆದರೆ ಪಂದ್ಯ 1-4ರಿಂದ ಕೈತಪ್ಪಿತು. ನಾಲ್ಕು ಗೋಲುಗಳೊಂದಿಗೆ ಅವರು ಆ ಕೂಟದ ಅತ್ಯಧಿಕ ಗೋಲುಗಾರರ ಸಾಲಿನಲ್ಲಿ ಜಂಟಿಯಾಗಿ ಮೊದಲಿಗರು. ಭಾರತ ನಾಲ್ಕನೆಯ ಸ್ಥಾನ ಪಡೆಯಿತು. ಒಲಿಂಪಿಕ್ ಫುಟ್‌ಬಾಲಿನಲ್ಲಿ ಭಾರತ ಅದಕ್ಕಿಂತ ಮೇಲೆ ಎಂದೂ ಹೋಗಿಲ್ಲ.

ನೆವಿಲ್ ಮೆಲ್ಬರ್ನ್‌ನಲ್ಲಿ ಭಾರತದ ಅಂಗಿ ತೊಟ್ಟು ಆಡುತ್ತಿದ್ದಾಗ ಅವರ ಮೂಲದ ನೆಲ ಇನ್ನೂ ಪೋರ್ಚುಗಲ್ ಕೈಯಲ್ಲಿತ್ತು. ಭಾರತ ಸರ್ಕಾರ ಗೋವಾದ ಮೇಲೆ ಆರ್ಥಿಕ ದಿಗ್ಬಂಧನ ಹಾಕಿದ್ದ ವರ್ಷಗಳವು. ಗೋವಾದಲ್ಲೇ ಉಳಿದು ಆಡುತ್ತಿದ್ದ, ಬಹುಶಃ ಅವರಷ್ಟೇ ಚಳಕದ ಹುಡುಗರಿಗೆ ಒಲಿಂಪಿಕ್ಸ್ ಬಾಗಿಲು ಮುಚ್ಚಿತ್ತು. ನೆವಿಲ್ ಅವರನ್ನು ಗೋವಾದ ಶ್ರೇಷ್ಠರ ಪಟ್ಟಿಯ ತಲೆಯ ಮೇಲೆ ಇಡುವವರು ಅವರ ಸಾಧನೆಯ ಎತ್ತರವನ್ನು ನೋಡುತ್ತಾರೆ. ಬೇಡವೆನ್ನುವವರು ಆ ಎತ್ತರಕ್ಕೆ ಏಣಿ ಹಾಕಿದ್ದು ಮುಂಬೈ ಎನ್ನುತ್ತಾರೆ. ಎರಡೂ ನಿಜ. ಜಕಾರ್ತಾದ 1962ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಭಾರತ ತಂಡದ ಫಾರ್ಚುನಾಟೊ ಫ್ರಾಂಕೊ ಅವರದ್ದೂ ಇದೇ ಹಾದಿ. ಅವರು ಹಾಫ್‌ಬ್ಯಾಕ್ ಆದ್ದರಿಂದ ಈ ಚರ್ಚೆಯ ಹೊರಗೆ ಉಳಿಯುತ್ತಾರೆ.

ಗೋವಾದೊಳಗೆ ಪರಿಸ್ಥಿತಿ ಬದಲಾದದ್ದು ಕಬ್ಬಿಣದ ಅದಿರಿನಿಂದ. ಎರಡನೇ ಮಹಾಯುದ್ಧದ ನಂತರ ಜಪಾನಿನ ಉಕ್ಕಿನ ಕಾರ್ಖಾನೆಗಳಿಗೆ ಅದಿರು ಬೇಕಾಯಿತು. ಡಿಚೋಲಿ, ಸಾಂಗೆ ಕಡೆಯ ಗುಡ್ಡಗಳನ್ನು ಅಗೆದು, ಮಾಂಡವಿ ಮತ್ತು ಜುವಾರಿ ನದಿಗಳಲ್ಲಿ ಬಾರ್ಜುಗಳಿಗೆ ತುಂಬಿ, ಮುರಗಾಂವ್ ಬಂದರಿನಿಂದ ಹಡಗಿಗೇರಿಸುವ ದಂಧೆ ಕೆಲವು ಮನೆತನಗಳನ್ನು ಶ್ರೀಮಂತವಾಗಿಸಿತು. ಸಾಲ್ಗಾಂವಕರ್, ಡೆಂಪೊ, ಸೆಸಾ ಎಂಬ ಗಣಿ ಹೆಸರುಗಳೇ ಫುಟ್‌ಬಾಲ್ ಹೆಸರುಗಳೂ ಆದವು. ಸಾಲ್ಗಾಂವಕರ್ ಮನೆತನ 1956ರಲ್ಲಿ ಕಟ್ಟಿದ ತಂಡ ವಿಮ್ಸನ್ ಎಂದು ಶುರುವಾಗಿ ಮುಂದೆ ಮನೆತನದ ಹೆಸರನ್ನೇ ಹೊತ್ತುಕೊಂಡಿತು. ಡಿಚೋಲಿಯ ಕ್ಲಬ್ಬೊಂದನ್ನು 1960ರ ದಶಕದ ಕೊನೆಗೆ ವಹಿಸಿಕೊಂಡ ಡೆಂಪೊ ಮನೆತನ ಅದಕ್ಕೆ ತನ್ನ ಹೆಸರಿಟ್ಟಿತು. ಸೆಸಾ ಗೋವಾ ತಂಡ ಹುಟ್ಟಿದ್ದು 1965ರಲ್ಲಿ. ಇವುಗಳ ಜೊತೆಗೆ ಗಣಿಯ ಆಸರೆ ಇಲ್ಲದೆ 1951ರಿಂದ ನಡೆದುಬಂದ ವಾಸ್ಕೊ ಕ್ಲಬ್ ಇತ್ತು. ಆಟದ ಆಡಳಿತಕ್ಕೆ ಪೋರ್ಚುಗೀಸ್ ಕಾಲದ ಕೊನೆಯಲ್ಲಿ, 1959ರ ಡಿಸೆಂಬರ್‌ನಲ್ಲಿ, ಒಂದು ಸಂಘ ರೂಪುಗೊಂಡಿತ್ತು. ಎರಡು ವರ್ಷದಲ್ಲಿ ಗೋವಾ ವಿಮೋಚನೆಯಾಯಿತು, ಸಂಘ ಗೋವಾ ಫುಟ್‌ಬಾಲ್ ಅಸೋಸಿಯೇಷನ್ ಆಗಿ ಭಾರತದ ಆಟದ ನಕಾಶೆಗೆ ಸೇರಿತು.

ಗಣಿ ಕಂಪನಿಗಳು ಆಟಗಾರರಿಗೆ ಕೊಟ್ಟದ್ದು ನೌಕರಿ. ಬೆಂಗಳೂರಿನಲ್ಲಿ ಐಟಿಐ, ಎಚ್‌ಎಎಲ್ ಕಾರ್ಖಾನೆಗಳು ಫುಟ್‌ಬಾಲ್ ಆಟಗಾರರಿಗೆ ಕೆಲಸ ಕೊಟ್ಟು ತಂಡ ಕಟ್ಟಿದಂತೆಯೇ ಇಲ್ಲೂ ಕಂಪನಿಯ ಹಾಜರಿ ಪುಸ್ತಕದಲ್ಲಿ ಹೆಸರು, ತಿಂಗಳ ಸಂಬಳ, ಮಧ್ಯಾಹ್ನದ ಮೇಲೆ ಅಭ್ಯಾಸ. ಪ್ರತಿಭೆಯಿದ್ದ ಹುಡುಗ ಇನ್ನು ಮುಂಬೈ ರೈಲು ಹತ್ತಬೇಕಾಗಿರಲಿಲ್ಲ. ಗೋವಾದ ಫುಟ್‌ಬಾಲಿನ ನಿಜವಾದ ತಿರುವು ಇದು. 1970ರ ದಶಕದ ಕೊನೆಗೆ ಡೆಂಪೊ ಮುಂಬೈಯ ರೋವರ್ಸ್ ಕಪ್ ಗೆದ್ದಿತು. ನೆವಿಲ್ ತಲೆಮಾರು ಬದುಕು ಅರಸಿ ಹೋದ ಊರಿಗೇ ಗೋವಾದ ತಂಡವೊಂದು ಬಂದು ಪ್ರಶಸ್ತಿ ಒಯ್ದಿತ್ತು. ಅದೇ ಕಾಲದಲ್ಲಿ ಕಲಂಗುಟ್‌ನ ಯೋಲಾಂಡಾ ಡಿಸೋಜಾ ಭಾರತ ಮಹಿಳಾ ತಂಡದ ಫಾರ್ವರ್ಡ್ ಆಗಿ ಹೆಸರಾದರು. ಗೋವಾದ ಶ್ರೇಷ್ಠ ಫಾರ್ವರ್ಡ್‌ಗಳ ಚರ್ಚೆಯಲ್ಲಿ ಅವರ ಹೆಸರು ಬರುವುದೇ ಅಪರೂಪ, ಇದು ಆ ಚರ್ಚೆಯ ದೊಡ್ಡ ಕೊರತೆ.

ರಾಜ್ಯ ತಂಡಗಳ ಸಂತೋಷ್ ಟ್ರೋಫಿಯಲ್ಲಿ ಗೋವಾಕ್ಕೆ ಮೊದಲ ಪಾಲು ಸಿಕ್ಕಿದ್ದು 1982-83ರಲ್ಲಿ. ಕೋಲ್ಕತ್ತದ ಫೈನಲ್ ಗೋಲಿಲ್ಲದೆ ಮುಗಿದು ಬಂಗಾಳದ ಜೊತೆ ಪ್ರಶಸ್ತಿ ಹಂಚಿಕೆಯಾಯಿತು. ಮರುವರ್ಷ ಮದ್ರಾಸಿನಲ್ಲಿ ಹಂಚಿಕೊಳ್ಳುವ ಪ್ರಮೇಯ ಬರಲಿಲ್ಲ. ಪಂಜಾಬ್ ವಿರುದ್ಧದ ಫೈನಲ್‌ನಲ್ಲಿ ಕಾಮಿಲೊ ಗೊನ್ಸಾಲ್ವಿಸ್ ಹೊಡೆದ ಏಕೈಕ ಗೋಲು ಗೋವಾವನ್ನು ಒಂಟಿ ಚಾಂಪಿಯನ್ ಮಾಡಿತು. ಆ ಇಡೀ ಟೂರ್ನಿಯಲ್ಲಿ ಗೋವಾದ ಬಲೆಗೆ ಒಂದು ಚೆಂಡೂ ಬೀಳಲಿಲ್ಲ. ನಾಯಕ, ಗೋಲ್‌ಕೀಪರ್ ಬ್ರಹ್ಮಾನಂದ ಶಂಖವಾಳಕರ್ ಆ ಗೆಲುವಿನ ಮುಖವಾದರು. ಮುಂದೆ ಅವರು ಭಾರತ ತಂಡದ ನಾಯಕರಾಗಿಯೂ ಆಡಿದರು, 2022ರಲ್ಲಿ ಪದ್ಮಶ್ರೀ ಪಡೆದರು. ಹೀಗಾಗಿ ಮದ್ರಾಸ್ ಗೆಲುವಿನ ನೆನಪಿನಲ್ಲಿ ಗೋಲು ಹೊಡೆದವನಿಗಿಂತ ಗೋಲು ಕಾದವನ ಹೆಸರು ದೊಡ್ಡದಾಗಿ ಉಳಿದಿದೆ. ಕಾಮಿಲೊ ಅವರ ಪಾಲಿಗೆ ಇದು ಅನ್ಯಾಯವೇ. ಫೈನಲ್ ಗೆಲ್ಲಲು ಎದುರಾಳಿಯ ಬಲೆಗೂ ಒಂದು ಚೆಂಡು ಬೀಳಬೇಕು, ಹಿಂದಿನ ವರ್ಷ ಕೋಲ್ಕತ್ತದಲ್ಲಿ ಬೀಳದೆ ಹೋದದ್ದು ಅದೇ ಒಂದು ಚೆಂಡು.

ಆಮೇಲಿನ ಏಳೆಂಟು ವರ್ಷ ಗೋವಾದ ಆಟ ಬೆಳೆಯುತ್ತಲೇ ಹೋಯಿತು. ಸಾಲ್ಗಾಂವಕರ್ 1988 ಮತ್ತು 1989ರಲ್ಲಿ ಸತತ ಎರಡು ಬಾರಿ ಫೆಡರೇಷನ್ ಕಪ್ ಗೆದ್ದಿತು. ಸಾಷ್ಟಿಯಲ್ಲಿ ಅಲೆಮಾವ್ ಸಹೋದರರು 1988ರಲ್ಲಿ ಚರ್ಚಿಲ್ ಬ್ರದರ್ಸ್ ಕ್ಲಬ್ ಕಟ್ಟಿದರು. ಮಡಗಾಂವ್‌ನ ಫಾತೋರ್ಡಾದಲ್ಲಿ ತಿಂಗಳುಗಳ ಲೆಕ್ಕದಲ್ಲಿ ಎದ್ದು ನಿಂತ ಕ್ರೀಡಾಂಗಣ 1989ರಲ್ಲಿ ನೆಹರೂ ಕಪ್‌ಗೆ ಆತಿಥ್ಯ ವಹಿಸಿತು. 1989-90ರ ಸಂತೋಷ್ ಟ್ರೋಫಿ ಅಲ್ಲೇ ನಡೆದು, ಕೇರಳವನ್ನು 2-0ರಿಂದ ಸೋಲಿಸಿ ಗೋವಾ ಮತ್ತೆ ಗೆದ್ದಿತು.

ಬ್ರೂನೊ ಕುಟಿನ್ಹೊ ಈ ಅಲೆಯ ಮೇಲೆ ಬಂದವರು. 1969ರಲ್ಲಿ ಹುಟ್ಟಿದ ಅವರು 1990ರ ದಶಕದುದ್ದಕ್ಕೂ ಸಾಲ್ಗಾಂವಕರ್ ದಾಳಿಯ ಮುಂದಾಳಾಗಿದ್ದರು. ಆ ದಶಕದಲ್ಲಿ ಭಾರತದ ಸ್ಟ್ರೈಕರ್ ಎಂದರೆ ಕೇರಳದ ಐ.ಎಂ. ವಿಜಯನ್ ಮತ್ತು ಸಿಕ್ಕಿಂನ ಬೈಚುಂಗ್ ಭುಟಿಯಾ. ಅವರಿಬ್ಬರ ನಡುವೆ ಜಾಗ ಗಿಟ್ಟಿಸಿ, ಭಾರತ ತಂಡದ ನಾಯಕತ್ವದವರೆಗೆ ಹೋಗುವುದು ಸಣ್ಣ ಮಾತಲ್ಲ. 1996ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ವರ್ಷದ ಆಟಗಾರ ಪ್ರಶಸ್ತಿ, 2001ರಲ್ಲಿ ಅರ್ಜುನ ಪ್ರಶಸ್ತಿ ಅವರಿಗೆ ಬಂದವು.

ಅವರ ಕಾಲದ ಮೊದಲ ದೊಡ್ಡ ತಿರುವು 1997ರ ಫೆಡರೇಷನ್ ಕಪ್. ಆ ಟೂರ್ನಿಯನ್ನು ದೇಶ ನೆನಪಿಟ್ಟುಕೊಂಡಿರುವುದು ಸೆಮಿಫೈನಲ್‌ಗಾಗಿ. ಜುಲೈ 13ರಂದು ಕೋಲ್ಕತ್ತದ ಸಾಲ್ಟ್‌ಲೇಕ್ ಕ್ರೀಡಾಂಗಣದಲ್ಲಿ 1.31 ಲಕ್ಷ ಜನರ ಮುಂದೆ ಈಸ್ಟ್ ಬೆಂಗಾಲ್ ತಂಡ ಮೋಹನ್ ಬಾಗಾನ್ ಅನ್ನು 4-1ರಿಂದ ಹೊಡೆದುಹಾಕಿತು, ಭುಟಿಯಾ ಹ್ಯಾಟ್ರಿಕ್ ಬಾರಿಸಿದರು. ಕಪ್ ಮಾತ್ರ ಈಸ್ಟ್ ಬೆಂಗಾಲ್‌ಗೆ ಸಿಗಲಿಲ್ಲ. ಫೈನಲ್‌ನಲ್ಲಿ ಅದೇ ತಂಡವನ್ನು ಸಾಲ್ಗಾಂವಕರ್ 2-1ರಿಂದ ಸೋಲಿಸಿ ಗೋವಾಕ್ಕೆ ಒಯ್ದಿತು. ಕೋಲ್ಕತ್ತದ ಎರಡು ದೊಡ್ಡ ಕ್ಲಬ್ಬುಗಳ ಕಾದಾಟವೇ ಭಾರತದ ಫುಟ್‌ಬಾಲ್ ಎಂಬ ನಂಬಿಕೆಗೆ ಆ ಫೈನಲ್ ಕೊಟ್ಟ ಪೆಟ್ಟು ಬಹಳ ದೊಡ್ಡದು.

ಎರಡನೆಯದು 1998-99ರ ನ್ಯಾಷನಲ್ ಫುಟ್‌ಬಾಲ್ ಲೀಗ್. 1996ರಲ್ಲಿ ಶುರುವಾದ ಈ ಲೀಗನ್ನು ಮೊದಲ ವರ್ಷ ಪಂಜಾಬಿನ ಜೆಸಿಟಿ, ಎರಡನೇ ವರ್ಷ ಮೋಹನ್ ಬಾಗಾನ್ ಗೆದ್ದಿದ್ದವು. ಮೂರನೇ ವರ್ಷ ಶಬ್ಬೀರ್ ಅಲಿ ತರಬೇತಿಯ ಸಾಲ್ಗಾಂವಕರ್ ಚಾಂಪಿಯನ್ ಆಯಿತು. ಗೋವಾಕ್ಕೆ ಬಂದ ಮೊದಲ ರಾಷ್ಟ್ರೀಯ ಲೀಗ್ ಅದು. ಬ್ರೂನೊ ಜೊತೆಗೆ ಎಡಗಾಲಿನ ಚತುರ ಅಲ್ವಿಟೊ ಡಿಕುನ್ಹಾ ಆ ತಲೆಮಾರಿನ ಸಾಲ್ಗಾಂವಕರ್ ಆಟಗಾರ. ಅದೇ ಕಾಲಘಟ್ಟದಲ್ಲಿ ಕ್ಲಬ್ಬಿನ ಗೋಲು ಕಾದವರಲ್ಲಿ ಸಿದ್ದಿ ಸಮುದಾಯದ ಜೂಜೆ ಸಿದ್ದಿ ಒಬ್ಬರು. 1999ರಲ್ಲಿ ಸಾಲ್ಗಾಂವಕರ್ ಡ್ಯುರಾಂಡ್ ಕಪ್ಪನ್ನೂ ಎತ್ತಿತು. ಅದೇ ವರ್ಷ ಫಾತೋರ್ಡಾದಲ್ಲಿ ನಡೆದ ದಕ್ಷಿಣ ಏಷ್ಯಾ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಬಾಂಗ್ಲಾದೇಶವನ್ನು 2-0ರಿಂದ ಸೋಲಿಸಿದ ಭಾರತ ತಂಡದಲ್ಲೂ ಬ್ರೂನೊ ಇದ್ದರು.

ಅಲ್ವಿಟೊ 2002ರಲ್ಲಿ ಈಸ್ಟ್ ಬೆಂಗಾಲ್ ಸೇರಿದರು. ಮರುವರ್ಷ ಜುಲೈನಲ್ಲಿ ಜಕಾರ್ತಾದ ಆಸಿಯಾನ್ ಕ್ಲಬ್ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಥಾಯ್ಲೆಂಡಿನ ಬಿಇಸಿ ಟೆರೊ ಸಾಸನಾ ವಿರುದ್ಧದ 3-1 ಗೆಲುವಿನಲ್ಲಿ ಒಂದು ಗೋಲು ಅವರದ್ದು. ಭಾರತದ ಕ್ಲಬ್ಬೊಂದು ಹೊರನಾಡಿನಲ್ಲಿ ಗಳಿಸಿದ ಅತಿ ದೊಡ್ಡ ಗೆಲುವುಗಳ ಸಾಲಿಗೆ ಅದು ಸೇರುತ್ತದೆ. ಗೋವಾ ಈ ಹೊತ್ತಿಗೆ ಆಟಗಾರರನ್ನು ಮತ್ತೆ ಹೊರಗೆ ಕಳಿಸತೊಡಗಿತ್ತು. ಆದರೆ ಈಗ ಕರೆದವರು ಕೋಲ್ಕತ್ತದ ದೊಡ್ಡ ಕ್ಲಬ್ಬುಗಳು, ಕೊಟ್ಟದ್ದು ದೊಡ್ಡ ಮೊತ್ತ.

ಹೊರಗಿನಿಂದ ಒಳಗೆ ಬಂದವರ ಕಥೆ ಅದಕ್ಕಿಂತ ದೊಡ್ಡದು. 2004ರಲ್ಲಿ ಡೆಂಪೊ ಕ್ಲಬ್ ಬ್ರೆಜಿಲ್‌ನ ಸ್ಟ್ರೈಕರ್ ಕ್ರಿಸ್ಟಿಯಾನೊ ಜೂನಿಯರ್ ಅವರನ್ನು ಕರೆತಂದಿತು. ಹಿಂದಿನ ಋತುವಿನಲ್ಲಿ ಅವರು ಈಸ್ಟ್ ಬೆಂಗಾಲ್ ಪರ ಆಡಿ ಲೀಗ್ ಗೆದ್ದಿದ್ದರು, ಅದರ ಅತ್ಯಧಿಕ ಗೋಲುಗಾರರೂ ಆಗಿದ್ದರು. 2004ರ ಡಿಸೆಂಬರ್ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಫೈನಲ್. ಎದುರಾಳಿ ಮೋಹನ್ ಬಾಗಾನ್. ಮೊದಲ ಗೋಲು ಕ್ರಿಸ್ಟಿಯಾನೊ ಅವರದ್ದು. 78ನೇ ನಿಮಿಷದಲ್ಲಿ ಚೆಂಡಿನ ಹಿಂದೆ ನುಗ್ಗಿ ಎರಡನೆಯದನ್ನೂ ಬಲೆಗೆ ಕಳಿಸಿದರು, ಅದೇ ಕ್ಷಣ ಮುಂದೆ ಬಂದ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ನೆಲಕ್ಕೆ ಬಿದ್ದರು. ಮತ್ತೆ ಏಳಲಿಲ್ಲ. ಅವರ ಎರಡು ಗೋಲುಗಳಿಂದ ಡೆಂಪೊ 2-0ರಿಂದ ಗೆದ್ದಿತ್ತು, ಗೆದ್ದುಕೊಟ್ಟವರು ತೀರಿಕೊಂಡಿದ್ದರು. ಬೆಂಗಳೂರಿನ ಫುಟ್‌ಬಾಲ್ ಪ್ರೇಮಿಗಳಿಗೆ ಆ ಸಂಜೆ ಇವತ್ತಿಗೂ ಹಸಿ ಗಾಯ. ಡೆಂಪೊ ಅವರ 10ನೇ ನಂಬರಿನ ಜೆರ್ಸಿಯನ್ನು ನಿವೃತ್ತಿಗೊಳಿಸಿತು.

ಆ ಋತುವಿನ ಕೊನೆಗೆ ಡೆಂಪೊ ಮೊದಲ ಬಾರಿಗೆ ನ್ಯಾಷನಲ್ ಲೀಗ್ ಗೆದ್ದಿತು. ಎರಡನೇ ಸ್ಥಾನ ಪಡೆದದ್ದೂ ಗೋವಾದ್ದೇ ಆದ ಸ್ಪೋರ್ಟಿಂಗ್ ಕ್ಲಬ್. ಅಲ್ಲಿಂದ ಮುಂದಿನದ್ದು ಭಾರತದ ಕ್ಲಬ್ ಫುಟ್‌ಬಾಲಿನಲ್ಲಿ ಯಾವ ರಾಜ್ಯವೂ ಸರಿಗಟ್ಟದ ಕಾಲ. 2006-07ರಲ್ಲಿ ಡೆಂಪೊ, 2007-08ರಲ್ಲಿ ಲೀಗ್ ಐ-ಲೀಗ್ ಎಂದು ಹೆಸರು ಬದಲಿಸಿಕೊಂಡಾಗ ಮತ್ತೆ ಡೆಂಪೊ, 2008-09ರಲ್ಲಿ ಚರ್ಚಿಲ್, 2009-10ರಲ್ಲಿ ಡೆಂಪೊ, 2010-11ರಲ್ಲಿ ಕರೀಂ ಬೆಂಚೆರಿಫಾ ತರಬೇತಿಯ ಸಾಲ್ಗಾಂವಕರ್, 2011-12ರಲ್ಲಿ ಡೆಂಪೊ, 2012-13ರಲ್ಲಿ ಚರ್ಚಿಲ್. ಸತತ ಏಳು ವರ್ಷ ಭಾರತದ ಲೀಗ್ ಕಪ್ ಗೋವಾ ಬಿಟ್ಟು ಹೊರಗೆ ಹೋಗಲೇ ಇಲ್ಲ. 2011ರ ಜನಗಣತಿಯಲ್ಲಿ 15 ಲಕ್ಷವೂ ತುಂಬದ ರಾಜ್ಯ ಮಾಡಿದ ಸಾಧನೆಯಿದು. ಡೆಂಪೊ ಐದೂ ಲೀಗ್‌ಗಳನ್ನು ಗೆದ್ದದ್ದು ಅರ್ಮಾಂಡೊ ಕೊಲಾಸೊ ಎಂಬ ಗೋವಾದ್ದೇ ತರಬೇತುದಾರನ ಕೈಕೆಳಗೆ. 2008ರಲ್ಲಿ ಆ ತಂಡ ಎಎಫ್‌ಸಿ ಕಪ್‌ನ ಸೆಮಿಫೈನಲ್‌ವರೆಗೂ ಹೋಯಿತು.

ಈ ಏಳು ವರ್ಷಗಳಲ್ಲಿ ಗೋಲುಗಳ ಪಟ್ಟಿ ಬಹುಪಾಲು ಇಬ್ಬರು ನೈಜೀರಿಯನ್ನರದ್ದು. ಚರ್ಚಿಲ್‌ನ ಒಡಾಫಾ ಗಟ್ಟಿಮೈಯ, ಬೆನ್ನ ಮೇಲೆ ಡಿಫೆಂಡರ್‌ನನ್ನು ಹೊತ್ತೇ ತಿರುಗಿ ಹೊಡೆಯಬಲ್ಲ ಆಟಗಾರ. 2007-08ರಲ್ಲಿ 22, 2008-09ರಲ್ಲಿ 26 ಗೋಲು ಅವರದ್ದು. ಡೆಂಪೊದ ರ‍್ಯಾಂಟಿ ಬಲಕ್ಕಿಂತ ಜಾಗದ ಅರಿವನ್ನು ನೆಚ್ಚಿದವರು. ಚೆಂಡು ಎಲ್ಲಿ ಬೀಳುತ್ತದೆ ಎಂದು ಅವರಿಗೆ ಮೊದಲೇ ಗೊತ್ತಿರುತ್ತಿತ್ತು. 2011-12ರ ಒಂದೇ ಋತುವಿನಲ್ಲಿ ಅವರು ಹೊಡೆದ 32 ಗೋಲು ಐ-ಲೀಗ್‌ನ ದಾಖಲೆ. ಆದರೆ ರ‍್ಯಾಂಟಿಯ ಗೋಲುಗಳ ಹಿಂದೆ ಗೋವಾದ ಕಾಲುಗಳಿದ್ದವು. ಎಡ ಅಂಚಿನಿಂದ ಕ್ಲಿಫರ್ಡ್ ಮಿರಾಂಡಾ, ನಡುವಿನಿಂದ ಕ್ಲೈಮ್ಯಾಕ್ಸ್ ಲಾರೆನ್ಸ್ ಮತ್ತು ಬ್ರೆಜಿಲ್‌ನ ಬೆಟೊ, ಇನ್ನೊಂದು ಕಡೆಯಿಂದ ಆಂಥನಿ ಪೆರೇರಾ. ಕೊನೆಯ ಗೆರೆಯ ತನಕ ಓಡಿ, ಡಿಫೆಂಡರ್‌ನನ್ನು ಒಂದು ಹೆಜ್ಜೆ ಹಿಂದೆ ಬಿಟ್ಟು, ಚೆಂಡನ್ನು ಗೋಲಿನ ಮುಂದಕ್ಕೆ ಇಳಿಸಿಕೊಡುವ ವಿಂಗರ್‌ನ ಕೆಲಸ ಅಂಕಿ ಅಂಶಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ಕ್ಲಿಫರ್ಡ್ ಅದನ್ನು ವರ್ಷಗಟ್ಟಲೆ, ಒಂದೇ ಕ್ಲಬ್ಬಿಗೆ, ಸದ್ದಿಲ್ಲದೆ ಮಾಡಿದರು. ಮುಂದೆ ತರಬೇತುದಾರರಾಗಿ ಒಡಿಶಾ ಎಫ್‌ಸಿಗೆ 2023ರ ಸೂಪರ್ ಕಪ್ ಗೆದ್ದುಕೊಟ್ಟವರೂ ಅವರೇ.

ಈ ವೈಭವದ ಒಳಗೇ ಒಂದು ಕೊರತೆ ಅಡಗಿತ್ತು. 1996-97ರಿಂದ 2012-13ರವರೆಗಿನ 17 ಋತುಗಳಲ್ಲಿ 9 ಲೀಗ್ ಪ್ರಶಸ್ತಿ ಗೋವಾದ ಕ್ಲಬ್ಬುಗಳಿಗೆ ಬಂದವು. ಆದರೆ ಆ 17ರಲ್ಲಿ ಒಂದು ವರ್ಷವೂ ಗೋವಾದಲ್ಲಿ ಹುಟ್ಟಿದ ಆಟಗಾರ ಅತ್ಯಧಿಕ ಗೋಲುಗಾರ ಆಗಲಿಲ್ಲ. ಕ್ಲಬ್ಬುಗಳು ಮೊದಲು ವಿದೇಶಿ ಸ್ಟ್ರೈಕರ್‌ನನ್ನು ಹುಡುಕಿದವು, ಗೋವಾದ ಹುಡುಗರು ಅಂಚಿಗೆ, ನಡುವಿಗೆ, ಹಿಂದಕ್ಕೆ ಸರಿದರು. ಗೋಲಿನ ಮುಂದೆ ನಿಂತು ಹೊಡೆಯುವ ಕೆಲಸ ಊರಿನವರ ಕೈಬಿಟ್ಟಿತು. ಬ್ರೂನೊ ನಂತರ ಅವರ ಜಾಗಕ್ಕೆ ಅವರಷ್ಟೇ ಎತ್ತರದ ಇನ್ನೊಬ್ಬ ಗೋವನ್ ಸ್ಟ್ರೈಕರ್ ಬರದೇ ಹೋದದ್ದಕ್ಕೆ ಇದೇ ದೊಡ್ಡ ಕಾರಣ.

ಕುಸಿತ ಎರಡು ಕಡೆಯಿಂದ ಬಂತು. ಬಳ್ಳಾರಿಯಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದ್ದು ಕನ್ನಡಿಗರಿಗೆ ಗೊತ್ತೇ ಇದೆ. ಮರುವರ್ಷ ಅದೇ ಗತಿ ಗೋವಾಕ್ಕೆ. ಅಕ್ರಮ ಗಣಿಗಾರಿಕೆಯ ಕುರಿತ ಶಾ ಆಯೋಗದ ವರದಿಯ ಬೆನ್ನಿಗೆ 2012ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ, ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಗಣಿಗಳನ್ನು ನಿಲ್ಲಿಸಿದವು. 2014ರಲ್ಲಿ ಮಿತಿಯೊಂದಿಗೆ ಅನುಮತಿ ಸಿಕ್ಕರೂ 2018ರಲ್ಲಿ 88 ಗುತ್ತಿಗೆಗಳು ರದ್ದಾದವು. ಇನ್ನೊಂದು ಕಡೆ ದೇಶದ ಫುಟ್‌ಬಾಲಿನ ಹಣ ಮತ್ತು ಟಿವಿ 2014ರಲ್ಲಿ ಶುರುವಾದ ಇಂಡಿಯನ್ ಸೂಪರ್ ಲೀಗ್ ಕಡೆಗೆ ತಿರುಗಿದವು.

ಇವೆರಡರ ನಡುವೆ ಬಂದ 2014ರ ಏಪ್ರಿಲ್ 21 ಒಂದು ಕಾಲದ ಕೊನೆಯ ದಿನ. ಆ ದಿನ ಫಾತೋರ್ಡಾದಲ್ಲಿ ಬೆಂಗಳೂರು ಎಫ್‌ಸಿ ತಂಡ ಡೆಂಪೊವನ್ನು 4-2ರಿಂದ ಸೋಲಿಸಿ, ಹುಟ್ಟಿದ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. ಗೋವಾದ ಏಳು ವರ್ಷಗಳ ಸರಣಿ ಗೋವಾದಲ್ಲೇ, ಡೆಂಪೊ ಕಣ್ಣೆದುರಿಗೇ ಮುರಿಯಿತು. ಬೆಂಗಳೂರು ತಂಡದ ನಾಯಕ ಸುನಿಲ್ ಛೆಟ್ರಿ ಹಿಂದಿನ ವರ್ಷ ಚರ್ಚಿಲ್ ಪರ ಆಡಿ ಇದೇ ಲೀಗ್ ಗೆದ್ದಿದ್ದರು. ತಂಡದ ಒಡೆತನ ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ನಡೆಸುವ ಜೆಎಸ್‌ಡಬ್ಲ್ಯು ಸಮೂಹದ್ದು. ಭಾರತದ ಲೀಗ್ ಕಪ್ ಅದಿರಿನ ನಾಡಿನಿಂದ ಉಕ್ಕು ಮಾಡುವವರ ಕೈಗೆ ಹೋಯಿತು.

2016ರಲ್ಲಿ ಡೆಂಪೊ, ಸಾಲ್ಗಾಂವಕರ್ ಮತ್ತು ಸ್ಪೋರ್ಟಿಂಗ್ ಮೂರೂ ಐ-ಲೀಗ್‌ನಿಂದ ಹೊರಬಂದವು. ಸೂಪರ್ ಲೀಗ್‌ಗೆ ಮೇಲಿನ ಸ್ಥಾನ, ಐ-ಲೀಗ್‌ಗೆ ಕೆಳಗಿನ ಸ್ಥಾನ ಕೊಡುವ ಫೆಡರೇಷನ್ ಯೋಜನೆಗೆ ಅವರ ವಿರೋಧವಿತ್ತು. ಈ ನಿರ್ಗಮನಕ್ಕೆ ಫೆಡರೇಷನ್ ನೀತಿಯೇ ಕಾರಣ ಎಂಬ ವಾದ ಒಂದು, ಗಣಿ ಹಣ ಬತ್ತಿದ್ದೇ ಮೂಲ ಎಂಬ ವಾದ ಇನ್ನೊಂದು. ಕ್ಲಬ್ಬುಗಳ ದೂರು ನ್ಯಾಯವಾದದ್ದೇ. ಆದರೆ ಗಣಿಗಳು ಮೊದಲಿನಂತೆ ನಡೆಯುತ್ತಿದ್ದರೆ ಆ ಅನ್ಯಾಯವನ್ನು ತಡೆದುಕೊಂಡು ನಿಲ್ಲುವ ಶಕ್ತಿ ಅವುಗಳಿಗೆ ಇರುತ್ತಿತ್ತು ಎಂಬುದೂ ಅಷ್ಟೇ ನಿಜ. ಡೆಂಪೊ ಮತ್ತು ಸಾಲ್ಗಾಂವಕರ್ ಮನೆತನದವರು 2014ರಲ್ಲಿ ಎಫ್‌ಸಿ ಗೋವಾ ತಂಡದ ಪಾಲುದಾರರಾಗಿ ಸೂಪರ್ ಲೀಗ್ ಒಳಗೂ ಕಾಲಿಟ್ಟಿದ್ದರು.

ಎಫ್‌ಸಿ ಗೋವಾ ಚರ್ಚೆಗೆ ಹೊಸ ಹೆಸರು ಸೇರಿಸಿತು. ಸ್ಪೇನಿನ ಫೆರಾನ್ ಕೊರೊಮಿನಾಸ್ 57 ಪಂದ್ಯಗಳಲ್ಲಿ 48 ಗೋಲು ಹೊಡೆದು ಸತತ ಎರಡು ವರ್ಷ ಲೀಗ್‌ನ ಅತ್ಯಧಿಕ ಗೋಲುಗಾರರಾದರು. ಪಂದ್ಯಕ್ಕಿಷ್ಟು ಎಂದು ನೋಡಿದರೆ ಎಫ್‌ಸಿ ಗೋವಾದ ಅಂಗಿ ತೊಟ್ಟ ಬೇರೆ ಯಾರೂ ಅವರ ಹತ್ತಿರ ಬರುವುದು ಕಷ್ಟ. ಊರಿನ ಹುಡುಗರು ಇಲ್ಲೂ ಅಂಚಿನಲ್ಲೇ ಮಿಂಚಿದರು. ಡೆಂಪೊದಿಂದ ಬಂದು ಝಿಕೊ ತರಬೇತಿಯಲ್ಲಿ ಆಡಿದ ವಿಂಗರ್ ರೋಮಿಯೊ ಫರ್ನಾಂಡಿಸ್ 2015ರಲ್ಲಿ ಬ್ರೆಜಿಲ್‌ನ ಅಟ್ಲೆಟಿಕೊ ಪರನೆನ್ಸೆ ಪರ ಕಣಕ್ಕಿಳಿದರು. 2025ರ ಅಕ್ಟೋಬರ್‌ನಲ್ಲಿ ಫಾತೋರ್ಡಾಕ್ಕೆ ಬಂದ ಸೌದಿಯ ಅಲ್ ನಸ್ರ್ ವಿರುದ್ಧ ಎಫ್‌ಸಿ ಗೋವಾ 1-2ರಿಂದ ಸೋತಾಗ ಆ ಒಂದು ಗೋಲು ಗೋವಾದವರೇ ಆದ ಬ್ರೈಸನ್ ಫರ್ನಾಂಡಿಸ್ ಅವರದ್ದು.

ಗೋಲುಗಳ ಸಂಖ್ಯೆಯೇ ಅಳತೆಯಾದರೆ ರ‍್ಯಾಂಟಿ, ಸೂಪರ್ ಲೀಗ್‌ನ ಗೋಲಿನ ವೇಗ ಅಳತೆಯಾದರೆ ಕೊರೊಮಿನಾಸ್, ಒಂದು ದಿನದ ಎತ್ತರ ಅಳತೆಯಾದರೆ ನೆವಿಲ್. ಗೋವಾದಲ್ಲೇ ಬೆಳೆದು, ಗೋವಾದ ಕ್ಲಬ್ಬಿಗೇ ಆಡಿ, ಭಾರತ ತಂಡದ ನಾಯಕತ್ವದವರೆಗೆ ಹೋಗಿ, ಗೋವಾಕ್ಕೆ ಮೊದಲ ರಾಷ್ಟ್ರೀಯ ಲೀಗ್ ತಂದ ತಂಡದ ದಾಳಿಯನ್ನು ಮುನ್ನಡೆಸಿದವರು ಒಬ್ಬರೇ. ಗೋವಾ ಬೆಳೆಸಿದ ಅತಿಶ್ರೇಷ್ಠ ಫಾರ್ವರ್ಡ್ ಬ್ರೂನೊ ಕುಟಿನ್ಹೊ.